ಗ್ಯಾರಂಟರ್ ಅಂದರೆ ಯಾರು ಅಂತ ಮೂರು ಸಾಲಿನಲ್ಲಿ ಹೇಳಿ

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಪತ್ರಿಕೆಯ ಒಳಪುಟದಲ್ಲಿ ದಿನಾ ಒಂದು ಚಿಕ್ಕ ಚೌಕ ಬರುತ್ತದೆ. ಐದು ಇಂಗ್ಲಿಷ್ ಪದ, ಪ್ರತಿಯೊಂದರ ಎದುರಿಗೆ ಒಂದು ಕನ್ನಡ ಪದ. ನಾನು ಅದನ್ನು ತಪ್ಪದೆ ಓದುತ್ತೇನೆ, ಕತ್ತರಿಸಿ ಇಟ್ಟುಕೊಳ್ಳುತ್ತೇನೆ ಕೂಡ. ಹೋದ ಮಂಗಳವಾರ ಆ ಚೌಕದಲ್ಲಿ ಗ್ಯಾರಂಟರ್ ಅಂತ ಇತ್ತು. ಎದುರಿಗೆ ‘ಖಾತರಿದಾರ’ ಅಂತ ಇತ್ತು. ಅಷ್ಟೇ. ಅದನ್ನು ಓದಿದ ಮೇಲೆ ನನಗೆ ಸುಮ್ಮನೆ ಕೂರಲು ಆಗಲಿಲ್ಲ. ಪತ್ರ ಸ್ವಲ್ಪ ಉದ್ದ ಆಗಬಹುದು, ದಯವಿಟ್ಟು ಪೂರ್ತಿ ಓದಿ.

ನಾನು ಉಡುಪಿಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟು 16 ವರ್ಷ ಆಯಿತು. ಬೋರ್ಡಿನಲ್ಲಿ ಜೆರಾಕ್ಸ್ ಅಂತ ಇದ್ದರೂ ಜಾಸ್ತಿ ಕೆಲಸ ಅರ್ಜಿ ತುಂಬಿಸುವುದು. ಬ್ಯಾಂಕಿನ ಫಾರ್ಮ್, ಇನ್ಶೂರೆನ್ಸ್ ಫಾರ್ಮ್, ಜಾಗದ ಕಾಗದ, ಪಾಸ್‌ಪೋರ್ಟ್, ಮಕ್ಕಳ ಸ್ಕಾಲರ್‌ಶಿಪ್, ಆಸ್ಪತ್ರೆಯ ಬಿಲ್ಲು ಇಟ್ಟು ಹಣ ವಾಪಸ್ ಕೇಳುವುದು, ಎಲ್ಲ ಬರುತ್ತದೆ. ಮಲ್ಪೆಯಿಂದ ಮೀನು ಮಾರುವ ಹೆಂಗಸರು ಬರುತ್ತಾರೆ, ಹಿರಿಯಡ್ಕ, ಪೆರ್ಡೂರು ಕಡೆಯಿಂದ ತೋಟ ಇದ್ದವರು ಬರುತ್ತಾರೆ, ಗಲ್ಫಿಗೆ ಹೊರಟ ಹುಡುಗರು ಬರುತ್ತಾರೆ. ಎಲ್ಲರೂ ಒಂದಲ್ಲ ಒಂದು ಪದದ ಮೇಲೆ ಬೆರಳಿಟ್ಟು ಕೇಳುತ್ತಾರೆ, ‘ಅಕ್ಕ, ಉಂದು ದಾದ?’ ಇದು ಎಂತದು ಅಂತ.

ಆ ಬೆರಳು ನಿಲ್ಲುವುದು ಹೆಚ್ಚಾಗಿ ಒಂದು ನಾಮಪದದ ಮೇಲೆ. ಸೈನ್ ಮಾಡಿ, ತುಂಬಿಸಿ, ಲಗತ್ತಿಸಿ, ಇದೆಲ್ಲ ಹೇಗೋ ಅಂದಾಜಾಗುತ್ತದೆ. ಆದರೆ ನಾಮಿನಿ, ಗ್ಯಾರಂಟರ್, ಕೋ-ಪೇಮೆಂಟ್, ಮ್ಯುಟೇಶನ್, ಬಯಾಪ್ಸಿ, ಇಂತಹ ಪದ ಬಂದ ಕೂಡಲೇ ಕೆಲಸ ನಿಲ್ಲುತ್ತದೆ. ಪಕ್ಕದಲ್ಲಿ ಕನ್ನಡವೂ ಇರುತ್ತದೆ, ಇಲ್ಲ ಅಂತಲ್ಲ. ನಾಮಿನಿ ಪಕ್ಕ ‘ನಾಮನಿರ್ದೇಶಿತ’ ಅಂತ ಇರುತ್ತದೆ. ಜನ ಈಗ ಆ ಕನ್ನಡಕ್ಕೂ ಅರ್ಥ ಕೇಳುತ್ತಾರೆ. ಒಂದು ಗೊತ್ತಿಲ್ಲದ ಪದದ ಎದುರು ಇನ್ನೊಂದು ಗೊತ್ತಿಲ್ಲದ ಪದ ಇಟ್ಟರೆ ಓದಿದವರಿಗೆ ಏನು ಸಿಕ್ಕಿತು?

ಈಗ ಗ್ಯಾರಂಟರ್ ವಿಷಯಕ್ಕೆ ಬರುತ್ತೇನೆ, ಅದು ನಮ್ಮ ಮನೆಯದ್ದೇ ಕಥೆ. ಒಂಬತ್ತು ವರ್ಷದ ಹಿಂದೆ ನನ್ನ ಅಣ್ಣನ ಗೆಳೆಯ ಒಬ್ಬ ರಿಕ್ಷಾ ತೆಗೆಯಲು ಒಂದು ಸೊಸೈಟಿಯಲ್ಲಿ ಸಾಲ ಮಾಡಿದ. ಸೊಸೈಟಿಯ ಹೆಸರು ಬೇಡ. ಅಣ್ಣ ಆಗ ಒಂದು ಪ್ರೆಸ್ಸಿನಲ್ಲಿ ಬೈಂಡಿಂಗ್ ಕೆಲಸದಲ್ಲಿದ್ದ, ತಿಂಗಳ ಸಂಬಳ ಇತ್ತು, ಸಂಬಳದ ಚೀಟಿಯೂ ಇತ್ತು. ಗೆಳೆಯ ಕೇಳಿದ, ಅಣ್ಣ ಒಪ್ಪಿದ. ಅಲ್ಲಿ ಕೂತವರು ‘ಇವರು ನಿಮಗೆ ಗುರ್ತ ಉಂಟು ಅಂತ ಒಂದು ಸೈನ್, ಅಷ್ಟೇ, ಸುಮ್ನೆ ಫಾರ್ಮಾಲಿಟಿ’ ಅಂದರಂತೆ. ಅರ್ಜಿಯ ಕೊನೆಯ ಪುಟದಲ್ಲಿ ಮೂರು ಕಡೆ ಸೈನಿಗೆ ಜಾಗ. ಬಾರೋವರ್, ಗ್ಯಾರಂಟರ್, ವಿಟ್ನೆಸ್. ಅಣ್ಣ ನಡುವಿನದಕ್ಕೆ ಸೈನ್ ಹಾಕಿದ. ಗ್ಯಾರಂಟರ್, ವಿಟ್ನೆಸ್ ಎರಡೂ ಒಂದೇ ತರ, ಸಾಕ್ಷಿ ಹೇಳುವವರು ಅಂತ ಅವನು ತಿಳಿದಿದ್ದ.

ಆ ಅರ್ಜಿಯ ಜೆರಾಕ್ಸ್ ತೆಗೆದವಳು ನಾನೇ. ಅಣ್ಣನ ಆಧಾರ್ ಕಾರ್ಡು, ಸಂಬಳದ ಚೀಟಿ, ಎರಡೆರಡು ಪ್ರತಿ. ಆ ಪದ ನನ್ನ ಕಣ್ಣಿಗೂ ಬಿತ್ತು. ನನಗೂ ಅದರ ಅರ್ಥ ಗೊತ್ತಿರಲಿಲ್ಲ, ಕೇಳಬೇಕು ಅಂತಲೂ ಅನಿಸಲಿಲ್ಲ. ಗ್ಯಾರಂಟಿ ಅನ್ನುವ ಪದ ಎಲ್ಲರಿಗೂ ಗೊತ್ತು ಅಲ್ವಾ, ಮಿಕ್ಸಿಗೆ ಕೊಡುತ್ತಾರೆ, ವಾಚಿಗೆ ಕೊಡುತ್ತಾರೆ. ಗೊತ್ತಿರುವ ಪದದ ಹಾಗೆ ಕಂಡದ್ದಕ್ಕೇ ನಾವು ಅಲ್ಲಿ ನಿಲ್ಲಲಿಲ್ಲ.

14 ತಿಂಗಳ ಮೇಲೆ ರಿಜಿಸ್ಟರ್ಡ್ ನೋಟಿಸು ಬಂತು. ಗೆಳೆಯ ಕಂತು ಕಟ್ಟುವುದು ನಿಲ್ಲಿಸಿ ಊರು ಬಿಟ್ಟಿದ್ದ. ಬಾಕಿ, ಬಡ್ಡಿ ಎಲ್ಲ ಸೇರಿ 1,86,000 ರೂಪಾಯಿ ಅಣ್ಣನ ತಲೆಗೆ ಬಂತು. ‘ನಾನು ಸಾಲವೇ ತೆಗೆದಿಲ್ಲವಲ್ಲ?’ ಅಂತ ಅವನು ನೋಟಿಸನ್ನು ಹಿಂದೆ ಮುಂದೆ ತಿರುಗಿಸಿ ನೋಡುತ್ತಲೇ ಇದ್ದ. ವಕೀಲರೊಬ್ಬರು ಹತ್ತು ನಿಮಿಷದಲ್ಲಿ ಬಿಡಿಸಿ ಹೇಳಿದರು. 1872ರ ಕರಾರು ಕಾಯ್ದೆ, ಸೆಕ್ಷನ್ 128. ಕರಾರಿನಲ್ಲಿ ಬೇರೆ ಏನೂ ಬರೆದಿರದಿದ್ದರೆ ಸಾಲಗಾರನ ಮೇಲೆ ಎಷ್ಟು ಹೊಣೆ ಇದೆಯೋ ಅಷ್ಟೂ ಹೊಣೆ ಗ್ಯಾರಂಟರ್ ಮೇಲೆ. ಸಾಲ ಕೊಟ್ಟವರು ಮೊದಲು ಸಾಲಗಾರನನ್ನೇ ಹಿಡಿಯಬೇಕು ಅಂತಲೂ ಇಲ್ಲ, ನೇರ ಗ್ಯಾರಂಟರ್ ಹತ್ತಿರ ಬರಬಹುದು. ಕಟ್ಟಿದ ಮೇಲೆ ಆ ಹಣವನ್ನು ಸಾಲಗಾರನಿಂದ ವಸೂಲಿ ಮಾಡುವ ಹಕ್ಕು ಗ್ಯಾರಂಟರ್‌ಗೆ ಇದೆ, ಆದರೆ ಅವನು ಸಿಗಬೇಕಲ್ಲ. ಅಣ್ಣ ಮೂರು ವರ್ಷ ಕಟ್ಟಿದ. ಅತ್ತಿಗೆಯ ಎರಡು ಬಳೆ ಹೋಯಿತು.

ಆ ಹತ್ತು ನಿಮಿಷದ ಮಾತು ಮೂರು ಸಾಲಿನಲ್ಲಿ ಎಲ್ಲಾದರೂ ಅಚ್ಚಾಗಿದ್ದರೆ, ಅಣ್ಣ ಅಥವಾ ನಾನು ಯಾವತ್ತೋ ಒಮ್ಮೆ ಪೇಪರಿನಲ್ಲಿ ಓದಿದ್ದರೆ, ಆ ಸೈನ್ ಬೀಳುತ್ತಿರಲಿಲ್ಲ. ಖಾತರಿದಾರ ಅಂತ ಓದಿದ್ದರೆ? ಆಗಲೂ ಸೈನ್ ಬೀಳುತ್ತಿತ್ತು. ಜಾಮೀನುದಾರ ಅಂತ ಓದಿದ್ದರೂ ಅಷ್ಟೇ. ನಮ್ಮ ಪೇಪರುಗಳಲ್ಲಿ ಜಾಮೀನು ಅಂದರೆ ದಿನಾ ಓದುವುದು ಜೈಲಿನಿಂದ ಹೊರಗೆ ಬರುವ ಜಾಮೀನನ್ನು.

ವಕೀಲರು ಬಿಡಿಸಿ ಹೇಳಿದ ದಿನವೇ ಒಂದು 200 ಪುಟದ ನೋಟ್‌ಬುಕ್ ತೆಗೆದೆ. ಅಂಗಡಿಯಲ್ಲಿ ಜನ ಬೆರಳಿಟ್ಟು ಕೇಳುವ ಒಂದೊಂದು ಪದವನ್ನು ಬರೆದು, ಅದರ ಅರ್ಥವನ್ನು ಆಯಾ ಕೆಲಸದವರನ್ನೇ ಕೇಳಿ ತುಂಬಿಸುತ್ತೇನೆ. ಬ್ಯಾಂಕಿನ ಪದ ಬ್ಯಾಂಕಿನವರಿಗೆ, ಆಸ್ಪತ್ರೆಯ ಪದ ನರ್ಸಮ್ಮನಿಗೆ, ಜಾಗದ ಪದ ವಕೀಲರ ಗುಮಾಸ್ತರಿಗೆ. ಮೊದಲ ಪದವನ್ನು ಅಣ್ಣ ಅವನ ಕೈಯಿಂದಲೇ ಬರೆದ. ‘ಗ್ಯಾರಂಟರ್: ಸಾಲ ತೆಗೆದವ ಕಟ್ಟದಿದ್ದರೆ ಅಸಲು ಬಡ್ಡಿ ಪೂರ್ತಿ ಕಟ್ಟಬೇಕಾದ ಇನ್ನೊಬ್ಬ. ಸಾಕ್ಷಿ ಅಲ್ಲ. ಸೊಸೈಟಿಯವರು ಸಾಲಗಾರನನ್ನು ಬಿಟ್ಟು ಮೊದಲೇ ಇವನ ಮನೆಗೆ ಬರಬಹುದು.’

ನಾಮಿನಿ ಪದವೂ ಹೀಗೇ. ಅಂಗಡಿಗೆ ಬರುವ ಹತ್ತರಲ್ಲಿ ಎಂಟು ಜನ, ನಾಮಿನಿ ಅಂದರೆ ನಾನು ಸತ್ತ ಮೇಲೆ ದುಡ್ಡಿನ ಯಜಮಾನ ಅಂತಲೇ ತಿಳಿದಿರುತ್ತಾರೆ. ಬ್ಯಾಂಕಿನ ಠೇವಣಿಯಲ್ಲಿ ಹಾಗಲ್ಲ. ನಾಮಿನಿ ಅಂದರೆ ಬ್ಯಾಂಕು ಯಾರ ಕೈಗೆ ಹಣ ಕೊಟ್ಟು ತನ್ನ ಜವಾಬ್ದಾರಿ ಮುಗಿಸಬಹುದೋ ಆ ವ್ಯಕ್ತಿ. ಹಣದ ಮೇಲೆ ವಾರಸುದಾರರ ಹಕ್ಕು ಹಾಗೇ ಉಳಿಯುತ್ತದೆ. ಹಿರಿಯ ಮಗನನ್ನು ನಾಮಿನಿ ಮಾಡಿದ ಮಾತ್ರಕ್ಕೆ ಉಳಿದ ಮಕ್ಕಳ ಪಾಲು ಹೋಗುವುದಿಲ್ಲ. ಆದರೆ ಜೀವವಿಮೆಯಲ್ಲಿ 2015ರ ತಿದ್ದುಪಡಿಯ ನಂತರ ಬೇರೆ. ತಂದೆ ತಾಯಿ, ಗಂಡ ಅಥವಾ ಹೆಂಡತಿ, ಮಕ್ಕಳು, ಇವರಲ್ಲಿ ಒಬ್ಬರನ್ನು ನಾಮಿನಿ ಮಾಡಿದರೆ ಆ ಹಣ ಅವರಿಗೇ ಸೇರುವ ಹಾಗೆ ಕಾನೂನು ಬದಲಾಯಿತು. ಪದ ಒಂದೇ, ಕೌಂಟರ್ ಬದಲಾದರೆ ಅರ್ಥವೂ ಬದಲು. ‘ನಾಮನಿರ್ದೇಶಿತ’ ಅಂತ ಬರೆದರೆ ಇದರಲ್ಲಿ ಒಂದು ಅಕ್ಷರವೂ ಗೊತ್ತಾಗುವುದಿಲ್ಲ.

ದುಡ್ಡಿನ ವಿಷಯಕ್ಕೆ ಮಾತ್ರ ಹೀಗೆ ಅಂತ ತಿಳಿಯಬೇಡಿ. ಲ್ಯಾಟರೈಟ್ ಅಂತ ಒಂದು ಪದ ನನ್ನ ತಂಗಿಯ ಮಗಳ ಸಮಾಜ ಪಾಠದಲ್ಲಿ ಬಂತು. ಕನ್ನಡದಲ್ಲಿ ‘ಜಂಬಿಟ್ಟಿಗೆ’ ಅಂತ ಬರೆದುಕೊಂಡು ಬಂದಿದ್ದಳು. ಜಂಬಿಟ್ಟಿಗೆ ಅಂದರೆ ಎಂತದು ದೊಡ್ಡಮ್ಮ ಅಂತ ಕೇಳುವಾಗ ಆ ಮಗು ಕೂತದ್ದು ಮುರಕಲ್ಲಿನ ಪಾಗಾರದ, ಅಂದರೆ ಕಾಂಪೌಂಡ್ ಗೋಡೆಯ ಮೇಲೆ! ನಮ್ಮ ಕರಾವಳಿಯಲ್ಲಿ ಮನೆ, ಬಾವಿಕಟ್ಟೆ, ದೈವಸ್ಥಾನದ ಗೋಡೆ ಎಲ್ಲ ಅದೇ ಕೆಂಪು ಕಲ್ಲು. ಆ ಇಂಗ್ಲಿಷ್ ಪದ ಹುಟ್ಟಿದ್ದೂ ನಮ್ಮ ಈ ಪಡುವಣ ಕರಾವಳಿಯಲ್ಲೇ. ಫ್ರಾನ್ಸಿಸ್ ಬುಕಾನನ್ ಅನ್ನುವವರು 1800-01ರಲ್ಲಿ ಮೈಸೂರು, ಕೆನರಾ, ಮಲಬಾರು ಎಲ್ಲ ತಿರುಗಿದರು. ನೆಲದಿಂದ ತೆಗೆಯುವಾಗ ಕಬ್ಬಿಣದ ಉಪಕರಣದಿಂದ ಸುಲಭವಾಗಿ ಕಡಿಯಲು ಬರುವ, ಗಾಳಿಗೆ ಬಿಟ್ಟರೆ ಗಟ್ಟಿಯಾಗುವ ಈ ಕಲ್ಲನ್ನು ಕೇರಳದ ಅಂಗಾಡಿಪುರಂನಲ್ಲಿ ನೋಡಿ ಬರೆದರು. ಇಟ್ಟಿಗೆಗೆ ಲ್ಯಾಟಿನಿನಲ್ಲಿ ‘ಲೇಟರ್’ ಅಂತ ಹೆಸರು, ಅದರಿಂದ ಲ್ಯಾಟರೈಟ್ ಮಾಡಿದರು. ಅವರ ಪುಸ್ತಕ 1807ರಲ್ಲಿ ಬಂತು.

ಈಗ ನೋಡಿ, ‘ಲ್ಯಾಟರೈಟ್: ನಮ್ಮ ಮುರಕಲ್ಲು. ಮಳೆ ಜಾಸ್ತಿ ಇರುವ ಬಿಸಿ ಊರುಗಳಲ್ಲಿ ನೆಲದ ಸತ್ವ ನೀರಿನಲ್ಲಿ ತೊಳೆದು ಹೋಗಿ, ಕಬ್ಬಿಣ ಮತ್ತು ಅಲ್ಯೂಮಿನಿಯಂ ಅಂಶ ಉಳಿದು ಆದದ್ದು. ಕಬ್ಬಿಣದಿಂದಲೇ ಕೆಂಪು ಬಣ್ಣ. ಕಡಿಯುವಾಗ ಮೆತ್ತಗೆ, ಗಾಳಿಗೆ ಇಟ್ಟ ಹಾಗೆ ಗಟ್ಟಿ.’ ಇಷ್ಟು ಬರೆದರೆ ಮಗು ಪಾಗಾರದಿಂದ ಇಳಿದು ಕಲ್ಲು ಮುಟ್ಟಿ ನೋಡುತ್ತದೆ. ನಮ್ಮ ಮಗು ನಿಜವಾಗಿ ಇಳಿದು ನೋಡಿದಳು. ಉಗುರಿನಿಂದ ಕೆರೆದು ಕೆಂಪು ಪುಡಿ ತೆಗೆದು ಪುಸ್ತಕದ ಪುಟಕ್ಕೆ ಉಜ್ಜಿ ಇಟ್ಟಿದ್ದಾಳೆ. ಪರೀಕ್ಷೆಗೆ ಜಂಬಿಟ್ಟಿಗೆ ಬೇಕಾದರೆ ಅದನ್ನೂ ಹೇಳಿ, ಯಾರು ಬೇಡ ಅಂದರು? ಆದರೆ ಮುರಕಲ್ಲನ್ನು ಬಿಟ್ಟು ಜಂಬಿಟ್ಟಿಗೆ ಮಾತ್ರ ಹೇಳಬೇಡಿ.

ಟೈಲ್ ಅಂದರೆ ಹಂಚು ಅಂತ ನಿಮ್ಮ ಚೌಕದಲ್ಲಿ ಒಮ್ಮೆ ಬಂದಿತ್ತು. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಕರಾವಳಿ ನಮ್ಮದು, ಹಂಚಿನ ಬಗ್ಗೆ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಇವತ್ತು ಟೈಲ್ಸ್ ಅಂದರೆ ಎಲ್ಲರೂ ತಿಳಿಯುವುದು ನೆಲಕ್ಕೆ, ಬಚ್ಚಲಿಗೆ ಹಾಕುವುದನ್ನು. ಮನೆ ಕಟ್ಟುವವರ ಎಸ್ಟಿಮೇಟಿನಲ್ಲಿ ಎರಡೂ ಟೈಲ್ ಅಂತಲೇ ಇರುತ್ತದೆ. ಇಂತಹದಕ್ಕೆ ಒಂದು ಪದ ಸಾಲದು.

ಕೆಲವು ಕಡೆ ಇಂಗ್ಲಿಷ್ ಪದದ ಒಳಗಿನ ತಪ್ಪನ್ನೂ ನಾವು ಹಾಗೇ ಎತ್ತಿಕೊಂಡು ಬಂದಿದ್ದೇವೆ. ಆಕ್ಸಿಜನ್ನಿಗೆ ಆಮ್ಲಜನಕ ಅಂತೀವಿ. ಆಮ್ಲ ಅಂದರೆ ಆಸಿಡ್, ಜನಕ ಅಂದರೆ ಹುಟ್ಟಿಸುವುದು. ಈ ಹೆಸರು ಇಟ್ಟದ್ದು ಫ್ರಾನ್ಸಿನ ವಿಜ್ಞಾನಿ ಲಾವೋಸಿಯೆ. ಎಲ್ಲ ಆಸಿಡಿನಲ್ಲೂ ಈ ಅನಿಲ ಇದ್ದೇ ಇರುತ್ತದೆ ಅಂತ ಅವರು ನಂಬಿದ್ದರು. ಅದು ತಪ್ಪು ಅಂತ 1810ರ ಹೊತ್ತಿಗೇ ಹಂಫ್ರಿ ಡೇವಿ ತೋರಿಸಿದರು. ಬಚ್ಚಲು ತೊಳೆಯಲು ಅಂಗಡಿಯಿಂದ ತರುತ್ತೇವಲ್ಲ, ಆ ಹೈಡ್ರೋಕ್ಲೋರಿಕ್ ಆಸಿಡಿನಲ್ಲಿ ಹೈಡ್ರೋಜನ್ ಮತ್ತು ಕ್ಲೋರಿನ್ ಮಾತ್ರ, ಆಕ್ಸಿಜನ್ ಇಲ್ಲವೇ ಇಲ್ಲ. ಹೆಸರು ಮಾತ್ರ ಉಳಿಯಿತು, ಕನ್ನಡಕ್ಕೂ ಬಂತು. ಹೆಸರು ಬದಲಿಸಿ ಅಂತ ನಾನು ಹೇಳುತ್ತಿಲ್ಲ, ಆಮ್ಲಜನಕ ಈಗ ನಮ್ಮದೇ ಪದ. ಆದರೆ ಹೆಸರನ್ನೇ ಅರ್ಥ ಅಂತ ಕೊಟ್ಟರೆ ಮಗು ತಪ್ಪು ಕಲಿಯುತ್ತದೆ. ‘ನಾವು ಉಸಿರಾಡುವ ಗಾಳಿಯಲ್ಲಿ ಐದರಲ್ಲಿ ಒಂದು ಪಾಲು ಇರುವ ಅನಿಲ, ಬೆಂಕಿ ಉರಿಯಲು, ಜೀವ ಉಳಿಯಲು ಬೇಕಾದದ್ದು’ ಅಂತ ಹೇಳಿದರೆ ಸರಿ ಆಯಿತು.

ಅಣು ವಿಷಯವೂ ಅಷ್ಟೇ. ಶಾಲೆಯ ಪುಸ್ತಕದಲ್ಲಿ ಪರಮಾಣು ಅಂದರೆ ಆಟಂ, ಅಣು ಅಂದರೆ ಮಾಲಿಕ್ಯೂಲ್, ಅಂದರೆ ಎರಡು ಅಥವಾ ಜಾಸ್ತಿ ಆಟಂ ಸೇರಿ ಆದದ್ದು. ಪೇಪರಿನಲ್ಲಿ ಮಾತ್ರ ಆಟಂ ಬಾಂಬಿಗೆ ಅಣುಬಾಂಬು, ಕೈಗಾಕ್ಕೆ ಅಣು ವಿದ್ಯುತ್ ಸ್ಥಾವರ. ಹತ್ತನೇ ಕ್ಲಾಸಿನ ಹುಡುಗ ಯಾರನ್ನು ನಂಬಬೇಕು?

ಮಳೆಯ ಪದಗಳನ್ನು ನೀವು ದಯವಿಟ್ಟು ಬೇಗ ತೆಗೆದುಕೊಳ್ಳಬೇಕು. ಜೂನ್ ಬಂತೆಂದರೆ ನಮ್ಮ ಕಡೆ ಚಿಕ್ಕ ಮಕ್ಕಳ ಬಾಯಲ್ಲೂ ರೆಡ್ ಅಲರ್ಟ್. ಮಕ್ಕಳಿಗೆ ಅದರ ಅರ್ಥ ಶಾಲೆಗೆ ರಜೆ. ದೊಡ್ಡವರಿಗೂ ಅದಕ್ಕಿಂತ ಜಾಸ್ತಿ ಗೊತ್ತಿಲ್ಲ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ಹಳದಿ ಅಂದರೆ ಸುದ್ದಿ ನೋಡುತ್ತಾ ಇರಿ, ಕಿತ್ತಳೆ ಅಂದರೆ ತಯಾರಾಗಿ, ಕೆಂಪು ಅಂದರೆ ಈಗಲೇ ಮಾಡಬೇಕಾದ್ದನ್ನು ಮಾಡಿ. ‘ಭಾರೀ ಮಳೆ’ ಅನ್ನುವುದೂ ಬಾಯಿಮಾತಿನ ಪದ ಅಲ್ಲ, ಅದಕ್ಕೂ ಅಳತೆ ಉಂಟು. 24 ಗಂಟೆಯಲ್ಲಿ 64.5 ಮಿಲಿಮೀಟರಿನಿಂದ 115.5ರ ತನಕ ಭಾರೀ, ಅಲ್ಲಿಂದ 204.4ರ ತನಕ ಅತಿ ಭಾರೀ, ಅದಕ್ಕಿಂತ ಮೇಲೆ ಹೋದರೆ ವಿಪರೀತ ಭಾರೀ.

ಇನ್ನು ಈ ಮಿಲಿಮೀಟರ್ ಅಂದರೆ ಎಂತದು ಅಂತ ಯಾರಾದರೂ ಹೇಳಿದ್ದಾರಾ? ಅಡಿಪಟ್ಟಿಯಲ್ಲಿ ನೋಡಿದರೆ ಒಂದು ಮಿಲಿಮೀಟರ್ ಎಷ್ಟು ಚಿಕ್ಕದು. ಮಳೆಗೆ ಬಂದರೆ, ಒಂದು ಚದರ ಮೀಟರ್ ಜಾಗಕ್ಕೆ ಒಂದು ಲೀಟರ್ ನೀರು ಬಿದ್ದರೆ ಅದು ಒಂದು ಮಿಲಿಮೀಟರ್. ನಿಮ್ಮ ಮನೆಯ ಮಾಡು 100 ಚದರ ಮೀಟರ್ ಇದ್ದು 200 ಮಿಲಿಮೀಟರ್ ಮಳೆ ಬಂದರೆ ಒಂದೇ ದಿನದಲ್ಲಿ ಆ ಮಾಡಿಗೆ 20,000 ಲೀಟರ್ ಬಿತ್ತು ಅಂತ ಲೆಕ್ಕ. 1,000 ಲೀಟರಿನ ಟ್ಯಾಂಕ್ 20. ಇದನ್ನು ನಾನು ಅಂಗಡಿಯಲ್ಲಿ ಒಬ್ಬರು ಅಜ್ಜನಿಗೆ ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನೆ ನಿಂತು, ‘ಹಾಗಾದ್ರೆ ಅಂಗಳದ ನೀರು ಹೋಗುವ ಕಣಿ ಅಗಲ ಮಾಡಬೇಕು’ ಅಂತ ಹೇಳಿ ಹೋದರು.

ಸಮುದ್ರಕ್ಕೆ ಹೋಗುವವರಿಗೆ ಇದು ಇನ್ನೂ ಮುಖ್ಯ. ಡಿಪ್ರೆಶನ್ ಅನ್ನುವ ಪದಕ್ಕೆ ಪೇಪರಿನಲ್ಲಿ ‘ವಾಯುಭಾರ ಕುಸಿತ’ ಅಂತ ಬರುತ್ತದೆ. ಮನಸ್ಸಿನ ಕಾಯಿಲೆಗೂ ಡಿಪ್ರೆಶನ್ ಅಂತಲೇ ಹೆಸರು, ಅದು ಬೇರೆ ಗೊಂದಲ. ಗಾಳಿಯ ವೇಗ ಗಂಟೆಗೆ 31ರಿಂದ 49 ಕಿಲೋಮೀಟರ್ ಇದ್ದರೆ ಡಿಪ್ರೆಶನ್, 62 ದಾಟಿದರೆ ಅದು ಚಂಡಮಾರುತ. ಕುಸಿತ ಅಂದರೆ ಕೇಳುವವರಿಗೆ ಏನೋ ಕಮ್ಮಿ ಆಯಿತು, ಇಳಿಯಿತು ಅಂತ ಅನಿಸುತ್ತದೆ ಅಲ್ವಾ? ಇಳಿದದ್ದು ಗಾಳಿಯ ಒತ್ತಡ, ಅದು ಇಳಿದಷ್ಟೂ ಸುತ್ತಲಿನ ಗಾಳಿ ಜೋರಾಗಿ ಆ ಕಡೆ ನುಗ್ಗುತ್ತದೆ ಅಂತ ಒಂದು ಸಾಲು ಹಾಕಿದರೆ ಸಾಕು.

ಜೀವ ಉಳಿಸುವ ಇನ್ನೊಂದು ಜೋಡಿ ಪದ ಇದೆ. ಹಾರ್ಟ್ ಅಟ್ಯಾಕ್ ಮತ್ತು ಕಾರ್ಡಿಯಾಕ್ ಅರೆಸ್ಟ್. ಯಾರು ಹಠಾತ್ ತೀರಿಹೋದರೂ ಪೇಪರಿನಲ್ಲಿ ‘ಹೃದಯಾಘಾತದಿಂದ ನಿಧನ’ ಅಂತ ಬರುತ್ತದೆ. ಎರಡೂ ಒಂದೇ ಅಲ್ಲ. ಹಾರ್ಟ್ ಅಟ್ಯಾಕ್ ಅಂದರೆ ಹೃದಯದ ಮಾಂಸಕ್ಕೆ ರಕ್ತ ಕೊಡುವ ನಾಳ ಕಟ್ಟಿಹೋಗುವುದು. ಆಗ ಹೃದಯ ಹೆಚ್ಚಾಗಿ ಬಡಿಯುತ್ತಲೇ ಇರುತ್ತದೆ, ಮನುಷ್ಯ ಎದೆನೋವು, ಬೆವರು ಅಂತ ಮಾತಾಡುತ್ತಾನೆ. ಒಂದು ನಿಮಿಷವೂ ತಡ ಮಾಡದೆ ಆಸ್ಪತ್ರೆಗೆ ಸಾಗಿಸಬೇಕು. ಕಾರ್ಡಿಯಾಕ್ ಅರೆಸ್ಟ್ ಅಂದರೆ ಹೃದಯ ರಕ್ತ ತಳ್ಳುವುದನ್ನೇ ನಿಲ್ಲಿಸುವುದು. ಮನುಷ್ಯ ಬಿದ್ದುಬಿಡುತ್ತಾನೆ, ಕರೆದರೆ ಓಗೊಡುವುದಿಲ್ಲ, ಉಸಿರು ಸರಿ ಇರುವುದಿಲ್ಲ. ಆಗ ಒಬ್ಬರು 108ಕ್ಕೆ ಫೋನ್ ಮಾಡಬೇಕು, ಇನ್ನೊಬ್ಬರು ಅಲ್ಲೇ ಎದೆಯ ನಡುವೆ ಎರಡು ಕೈ ಇಟ್ಟು ನಿಮಿಷಕ್ಕೆ 100ರಿಂದ 120 ಸಲ ಜೋರಾಗಿ ಒತ್ತಬೇಕು. ಆಂಬುಲೆನ್ಸ್ ಬರಲಿ ಅಂತ ಕಾದರೆ ಆಗುವುದಿಲ್ಲ. ಅದಕ್ಕೆ ‘ಹೃದಯ ಸ್ತಂಭನ’ ಅಂತ ಕನ್ನಡ ಇದೆ, ಒಳ್ಳೆಯ ಪದವೇ, ಆದರೆ ಪಕ್ಕದಲ್ಲಿ ಏನು ಮಾಡಬೇಕು ಅಂತ ಇಲ್ಲದಿದ್ದರೆ ಯಾರಿಗೆ ಏನು ಪ್ರಯೋಜನ? ಬಯಾಪ್ಸಿಗೂ ಇದೇ ತರದ ತೊಂದರೆ. ಸಣ್ಣ ಚೂರು ತೆಗೆದು ಪರೀಕ್ಷೆ ಮಾಡುವುದು, ಅಷ್ಟೇ. ಬರೆದುಕೊಟ್ಟ ಕೂಡಲೇ ಕ್ಯಾನ್ಸರ್ ಅಂತ ತೀರ್ಮಾನ ಆಯಿತು ಅಂದುಕೊಂಡು ಅಂಗಡಿಯ ಬೆಂಚಿನಲ್ಲಿ ಕೂತು ಅತ್ತವರನ್ನು ನಾನು ನೋಡಿದ್ದೇನೆ.

ಜಾಗದ ಪದಗಳನ್ನು ಬರೆದರೆ ಇನ್ನೊಂದು ಪತ್ರ ಆದೀತು, ಎರಡು ಮಾತ್ರ ಹೇಳುತ್ತೇನೆ. ಮ್ಯುಟೇಶನ್ ಅಂದರೆ ಕಂದಾಯದ ದಾಖಲೆಯಲ್ಲಿ ಹೆಸರು ಬದಲಾಗುವುದು. ಹೆಸರು ಬದಲಾದ ಮಾತ್ರಕ್ಕೆ ಜಾಗ ನಿಮ್ಮದಾಗುವುದಿಲ್ಲ, ಅದಕ್ಕೆ ಕ್ರಯಪತ್ರವೋ ಪಾಲುಪತ್ರವೋ ಬೇಕು. ಇಸಿ ಅಂತ ಎಲ್ಲರೂ ಹೇಳುವ ಋಣಭಾರ ಪತ್ರದಲ್ಲಿ ವ್ಯವಹಾರ ಇದ್ದರೆ ಫಾರಂ 15, ಇಲ್ಲದಿದ್ದರೆ ಫಾರಂ 16 ಸಿಗುತ್ತದೆ. ಫಾರಂ 16 ಸಿಕ್ಕಿತು, ಜಾಗಕ್ಕೆ ಏನೂ ತಕರಾರು ಇಲ್ಲ ಅಂತ ಖುಷಿಪಡುವವರು ತುಂಬಾ. ರಿಜಿಸ್ಟರ್ ಆದದ್ದು ಮಾತ್ರ ಅದರಲ್ಲಿ ಬರುತ್ತದೆ, ರಿಜಿಸ್ಟರ್ ಆಗದ ಕರಾರು ಅದರಲ್ಲಿ ಕಾಣುವುದಿಲ್ಲ.

ನಮ್ಮ ಪದ ಇಂಗ್ಲಿಷಿಗೆ ಹೋಗುವಾಗಲೂ ಇದೇ ಪಾಡು ಅಂತ ಒಮ್ಮೆ ಗೊತ್ತಾಯಿತು. ಮುಂಬಯಿಯಲ್ಲಿ ಬೆಳೆದ ಹುಡುಗನೊಬ್ಬ ಅಜ್ಜನ ಜಾಗದ ಕಾಗದ ಹಿಡಿದು ಬಂದು ‘ಕುಮ್ಕಿಗೆ ಇಂಗ್ಲಿಷಿನಲ್ಲಿ ಏನು?’ ಅಂತ ಕೇಳಿದ. ಒಂದು ಪದದಲ್ಲಿ ಏನು ಹೇಳುವುದು? ವರ್ಗ ಜಾಗಕ್ಕೆ, ಅಂದರೆ ಕಂದಾಯ ಕಟ್ಟುವ ಸ್ವಂತ ಜಾಗಕ್ಕೆ ತಾಗಿ 100 ಗಜದೊಳಗಿನ ಸರಕಾರಿ ಜಾಗ, ಸೊಪ್ಪು, ಸೌದೆ, ಹುಲ್ಲು ತೆಗೆಯುವ ಸವಲತ್ತು ವರ್ಗದಾರನಿಗೆ ಇದೆ, ಆದರೆ ಜಾಗ ಅವನದಲ್ಲ. ಇಷ್ಟು ಹೇಳಿದ ಮೇಲೆ ಅವನಿಗೆ ಅಜ್ಜನ ತೋಟದ ಬೇಲಿ ಎಲ್ಲಿ ಮುಗಿಯುತ್ತದೆ ಅಂತ ಅರ್ಥ ಆಯಿತು.

ನನಗೆ ಅತಿ ಇಷ್ಟದ ಪುಟವೂ ಒಂದು ಉಂಟು. ಪಿಗ್ಮಿ ಅಂದರೆ ಇಂಗ್ಲಿಷ್ ನಿಘಂಟಿನಲ್ಲಿ ಕುಳ್ಳ ಅಂತ ಇರುತ್ತದೆ. ಉಡುಪಿಯಲ್ಲಿ ಯಾರನ್ನು ಬೇಕಾದರೂ ಕೇಳಿ, ಪಿಗ್ಮಿ ಅಂದರೆ ದಿನಾ ಸಂಜೆ ಅಂಗಡಿಗೆ ಬರುವ ಏಜೆಂಟರ ಕೈಗೆ ಕೊಡುವ ಚಿಲ್ಲರೆ ಉಳಿತಾಯ. 1925ರಲ್ಲಿ ಉಡುಪಿಯಲ್ಲಿ ಶುರುವಾದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಈ ಠೇವಣಿ ತಂದಿತು, ದಿನಕ್ಕೆ ಎರಡಾಣೆ ಇದ್ದರೂ ಸಾಕಿತ್ತು. ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನ ಜತೆ ಸೇರಿಹೋಯಿತು, ಪದ ನಮ್ಮಲ್ಲೇ ಇದೆ. ಗ್ರೀಕ್ ಭಾಷೆಯಲ್ಲಿ ಅದರ ಮೂಲ ಒಂದು ಅಳತೆಯಂತೆ, ಮೊಣಕೈಯಿಂದ ಬೆರಳ ಗೆಣ್ಣಿನ ತನಕ. ನಮ್ಮ ಮೊಳದ ತಮ್ಮ ಅನ್ನಬಹುದು. ಫ್ಯಾದಮ್ ಅನ್ನುವ ಪದವೂ ಹಾಗೇ. ಸಮುದ್ರದ ಆಳ ಹೇಳುವ ಅಳತೆ, ಆರು ಅಡಿ. ಹಳೆಯ ಇಂಗ್ಲಿಷಿನಲ್ಲಿ ಅದು ಚಾಚಿದ ಎರಡು ತೋಳು. ನಮ್ಮ ಮೀನುಗಾರರು ಅದನ್ನೇ ‘ಮಾರು’ ಅನ್ನುತ್ತಾರೆ, ಎರಡು ಕೈ ಅಗಲಿಸಿ ಹಗ್ಗ ಅಳೆಯುವುದು. ಯಾರೂ ಯಾರಿಂದಲೂ ಕಲಿತದ್ದಲ್ಲ, ಎರಡೂ ಕಡೆಯವರ ಮೈಯಲ್ಲೇ ಆ ಅಳತೆ ಇತ್ತು. ಇಂತಹ ಕಡೆ ಒಂದೇ ಪದ ಸಾಕು, ಫ್ಯಾದಮ್ ಅಂದರೆ ಮಾರು, ಮುಗಿಯಿತು. ಯಾವುದಕ್ಕೆ ಒಂದು ಪದ ಸಾಕು, ಯಾವುದಕ್ಕೆ ಸಾಲದು ಅಂತ ನೋಡುವವರು ಬೇಕು.

ನಿಮಗೆ ನಾನು ಹೇಳಬೇಕಾಗಿಲ್ಲ, ಕನ್ನಡದ ಮೊದಲ ಪತ್ರಿಕೆ ಹುಟ್ಟಿದ್ದು ಮಂಗಳೂರಿನಲ್ಲಿ, 1843ರ ಜುಲೈ 1ರಂದು, ಮೋಗ್ಲಿಂಗ್ ಅವರ ‘ಮಂಗಳೂರ ಸಮಾಚಾರ’. ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಅಚ್ಚಾದದ್ದೂ ಮಂಗಳೂರಿನಲ್ಲೇ. 1,700ಕ್ಕೂ ಜಾಸ್ತಿ ಪುಟ. ಅದರಲ್ಲಿ ಒಂದು ಪದಕ್ಕೆ ಒಂದು ಅರ್ಥ ಕೊಟ್ಟು ಬಿಟ್ಟಿಲ್ಲ, ಹಳೆಯ ಕಾವ್ಯದಲ್ಲಿ ಹೇಗೆ ಬಂದಿದೆ, ಗಾದೆಯಲ್ಲಿ ಹೇಗೆ ಬಂದಿದೆ ಅಂತೆಲ್ಲ ತೋರಿಸಿದ್ದಾರೆ. ನಮ್ಮ ಉಡುಪಿಯ ಎಂಜಿಎಂ ಕಾಲೇಜಿನ ಗೋವಿಂದ ಪೈ ಸಂಶೋಧನ ಕೇಂದ್ರದಿಂದ ತುಳು ನಿಘಂಟು ಆರು ಸಂಪುಟದಲ್ಲಿ ಬಂತು, 1988ರಿಂದ 1997ರ ತನಕ. ಊರೂರಿಗೆ ಹೋಗಿ ಜನರ ಬಾಯಿಂದ ಪದ ಕೇಳಿ ಬರೆದುಕೊಂಡು ಮಾಡಿದ ಕೆಲಸ ಅದು. ಇಂತಹ ಊರಿನ ಪತ್ರಿಕೆ ಗ್ಯಾರಂಟರ್ ಎದುರು ಖಾತರಿದಾರ ಅಂತ ಬರೆದು ಬಿಡುವುದು ನನಗೆ ನಿಜವಾಗಿ ಬೇಸರ ತಂದಿದೆ.

ಜಾಗ ಇಲ್ಲ ಅಂತ ನೀವು ಹೇಳಬಹುದು. ಐದು ಪದದ ಬದಲು ಒಂದೇ ಪದ ಕೊಡಿ, ಅದೇ ಚೌಕ ಸಾಕು. ಜನ ಬಾಯಲ್ಲಿ ಹೇಳುವ ಹಾಗೇ ಪದವನ್ನು ಬರೆಯಿರಿ, ನಾಮಿನಿ ಅಂದರೆ ನಾಮಿನಿ. ಕನ್ನಡ ಪದ ಇದ್ದರೆ ಅದನ್ನೂ ಸೇರಿಸಿ. ಆಮೇಲೆ ಅದು ಏನು, ಏನಲ್ಲ, ನಮಗೆ ಅದರಿಂದ ಏನಾಗುತ್ತದೆ ಅಂತ ಮೂರು ಸಾಲು. ‘ಏನಲ್ಲ’ ಅನ್ನುವ ಸಾಲನ್ನು ಮಾತ್ರ ಬಿಡಬೇಡಿ. ಜನ ಮೋಸ ಹೋಗುವುದು ಅಲ್ಲೇ. ಸರ್ವರ್ ಡೌನ್ ಅಂತ ಹೇಳಿದರೆ ನನ್ನ ಕಂಪ್ಯೂಟರ್ ಹಾಳಾಗಿದೆ ಅಂದುಕೊಂಡು ಪಕ್ಕದ ಅಂಗಡಿಗೆ ಓಡುವವರು ದಿನಾ ಇದ್ದಾರೆ. ಸರ್ವರ್ ಬೇರೆ ಊರಿನಲ್ಲಿ ಇರುವ ಕಂಪ್ಯೂಟರ್, ಹೋಟೆಲಿನ ಅಡುಗೆಮನೆ ಇದ್ದ ಹಾಗೆ, ನಾವು ಕೇಳಿದ್ದನ್ನು ಅಲ್ಲಿಂದ ಕಳಿಸುತ್ತದೆ, ಅಡುಗೆಮನೆ ಬಂದ್ ಆದರೆ ಯಾವ ಮೇಜಿಗೆ ಹೋಗಿ ಕೂತರೂ ದೋಸೆ ಬರುವುದಿಲ್ಲ ಅಂತ ಹೇಳಿದ ಮೇಲೆ ಒಂದಿಬ್ಬರು ನಿಂತರು.

ಬರೆಯುವ ಮೊದಲು ಆ ಪದವನ್ನು ದಿನಾ ಬಳಸುವ ಒಬ್ಬರನ್ನು ಕೇಳಿ. ಬರೆದ ಮೇಲೆ ಅದು ಗೊತ್ತಿಲ್ಲದ ಒಬ್ಬರಿಗೆ ಓದಿ ಹೇಳಿ. ನಾನು ಹಾಗೇ ಮಾಡುವುದು. ನನ್ನ ಮೀನಿನ ಹೆಂಗಸರಿಗೆ ಅರ್ಥ ಆಗದ ಸಾಲನ್ನು ನಾನು ಹೊಡೆದುಹಾಕುತ್ತೇನೆ.

ಈ ಪತ್ರದ ಜತೆ ನೋಟ್‌ಬುಕ್ಕಿನ ಮೊದಲ 12 ಪುಟದ ಜೆರಾಕ್ಸ್ ಇಟ್ಟಿದ್ದೇನೆ. ನಿಮ್ಮಲ್ಲಿ ಓದಿದವರು ಇದ್ದಾರೆ, ತಪ್ಪಿದ್ದರೆ ತಿದ್ದಿ ಹಾಕಿ, ನನ್ನ ಹೆಸರು ಬೇಡ. ಮೊದಲ ಪುಟದ್ದು ಅಣ್ಣನ ಅಕ್ಷರ, ಸ್ವಲ್ಪ ಮಾಸಿದೆ, ಆದರೆ ಓದಲು ಬರುತ್ತದೆ. ಮಾರ್ಚ್ ತಿಂಗಳ ಒಳಗೆ ಅದು ಬಂದರೆ ಒಳ್ಳೆಯದು. ಆಗ ಸೊಸೈಟಿಗಳಲ್ಲಿ ಸಾಲ ನವೀಕರಣದ ಸಮಯ, ನನ್ನ ಅಂಗಡಿಯಲ್ಲಿ ಆ ಫಾರ್ಮಿನ ಜೆರಾಕ್ಸಿಗೆ ಬೆಳಿಗ್ಗೆ ಒಂಬತ್ತಕ್ಕೇ ಜನ ನಿಂತಿರುತ್ತಾರೆ.

ಇಂತು ನಿಮ್ಮ ಓದುಗಿ,
ಉಡುಪಿ